ಕಠ್ಮಂಡುವಿನಲ್ಲಿ ಎದುರಾದ ಇಬ್ಬರು: ಆಸ್ಟಿನ್ ಟೌನಿನ ನಾಯಕ, ದ್ವೀಪದೇಶದ ತಂಡ

1997ರ ಸೆಪ್ಟೆಂಬರ್. ನೇಪಾಳದ ಕಠ್ಮಂಡುವಿನ ದಶರಥ ರಂಗಶಾಲಾ ಕ್ರೀಡಾಂಗಣ. ದಕ್ಷಿಣ ಏಷ್ಯಾದ ದೇಶಗಳ ನಡುವಿನ ಸ್ಯಾಫ್ ಫುಟ್‌ಬಾಲ್ ಟೂರ್ನಿಯ ಫೈನಲ್. ಒಂದು ಕಡೆ ಭಾರತ. ಇನ್ನೊಂದು ಕಡೆ ಅರಬ್ಬೀ ಸಮುದ್ರದಾಚೆ ಹಿಂದೂ ಮಹಾಸಾಗರದಲ್ಲಿ ಹರಡಿಕೊಂಡಿರುವ ದ್ವೀಪಗಳ ದೇಶ ಮಾಲ್ಡೀವ್ಸ್. ಭಾರತ ತಂಡದ ಮುಂದಾಳು ಬೆಂಗಳೂರಿನ ಹುಡುಗ, ಇಪ್ಪತ್ತಾರು ವರ್ಷದ ಕಾರ್ಲ್ಟನ್ ಚಾಪ್‌ಮನ್. ಭಾರತ 5-1ರಿಂದ ಗೆದ್ದಿತು. ಕನ್ನಡ ನೆಲದ ಆಟಗಾರನೊಬ್ಬ ರಾಷ್ಟ್ರೀಯ ತಂಡದ ನಾಯಕನಾಗಿ ಟ್ರೋಫಿ ಎತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ಅದೇ ತಿಂಗಳು ಟೊರಾಂಟೊದಲ್ಲಿ ಭಾರತ-ಪಾಕಿಸ್ತಾನದ ಕ್ರಿಕೆಟ್ ಸರಣಿ ನಡೆಯುತ್ತಿತ್ತು. ಸೌರವ್ ಗಂಗೂಲಿಯ ಹೆಸರು ಊರೂರಿನ ಚಹಾ ಅಂಗಡಿಯಲ್ಲೂ ಕೇಳುತ್ತಿತ್ತು. ಚಾಪ್‌ಮನ್ ಹೆಸರು ಆಗಲೂ ಕೇಳಲಿಲ್ಲ, ಆಮೇಲೂ ಹೆಚ್ಚು ಕೇಳಲಿಲ್ಲ.

ಬೀದರ್ ಪಕ್ಕದ ಅಷ್ಟೂರಿನಲ್ಲಿ ಕೂತು ಆ ಫೈನಲ್‌ನ ಬಗ್ಗೆ ಬರೆಯಲು ಒಂದು ಕಾರಣವಿದೆ. ಗೆದ್ದವರಷ್ಟೇ ಸೋತವರೂ ನನ್ನನ್ನು ಕಾಡುತ್ತಾರೆ. ಆ ಹೊತ್ತಿಗೆ ಇಡೀ ಮಾಲ್ಡೀವ್ಸ್ ದೇಶದ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಬೀದರ್ ನಗರವೊಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನ. ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಎಲ್ಲ ಸೇರಿದ ನಮ್ಮ ಜಿಲ್ಲೆಯಲ್ಲಿ ಹದಿನೇಳು ಲಕ್ಷ. ಅಂದರೆ ಬೀದರ್ ನಗರವೂ ಸುತ್ತಲಿನ ಒಂದಿಷ್ಟು ಹಳ್ಳಿಗಳೂ ಸೇರಿದರೆ ಎಷ್ಟು ಜನವೋ, ಅಷ್ಟು ಜನರ ದೇಶವೊಂದು ತೊಂಬತ್ತಾರು-ತೊಂಬತ್ತೇಳು ಕೋಟಿ ಜನರ ದೇಶದ ಎದುರು ಫೈನಲ್ ಆಡಲು ನಿಂತಿತ್ತು.

ಅದೂ ಎಂಥ ಸ್ಥಿತಿಯಲ್ಲಿ! ಅದೇ ವರ್ಷ ಜೂನ್ 2ರಂದು ಸಿರಿಯಾದ ಡಮಾಸ್ಕಸ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಇರಾನ್ ಮಾಲ್ಡೀವ್ಸ್‌ಗೆ ಹದಿನೇಳು ಗೋಲು ಹೊಡೆದಿತ್ತು. ಮಾಲ್ಡೀವ್ಸ್ ಒಂದೂ ಹೊಡೆದಿರಲಿಲ್ಲ. ಆ ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ಅವರ ಬಲೆಗೆ ಬಿದ್ದ ಗೋಲುಗಳು 59; ಅವರು ಹೊಡೆದದ್ದು ಸೊನ್ನೆ. ಇಂಥ ಹೊಡೆತ ತಿಂದ ತಂಡ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮೂರೇ ತಿಂಗಳಲ್ಲಿ ಅವರು ಕಠ್ಮಂಡುವಿಗೆ ಬಂದರು, ಫೈನಲ್ ತಲುಪಿದರು. ಅಲ್ಲಿ ಮತ್ತೆ ಐದು ಗೋಲು ತಿಂದರು. ಒಂದು ಹೊಡೆದರು. ಆ ಒಂದು ಗೋಲಿನಿಂದ ಶುರುವಾದ ಕಥೆ ಎಲ್ಲಿಗೆ ಹೋಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಗೆದ್ದವರ ನಾಯಕನ ಕಥೆ ಹೇಳಬೇಕು. ಅದಕ್ಕೂ ಮುಂಚೆ ನಮ್ಮ ಕಡೆಯ ಒಂದು ಮಾತು.

ಬೀದರಿಗೆ ಫುಟ್‌ಬಾಲಿನ ವಿಷಯದಲ್ಲಿ ಎರಡು ಮನೆತನಗಳ ನಂಟಿದೆ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಆಗ ಹೈದರಾಬಾದ್ ಎಂದರೆ ಭಾರತದ ಫುಟ್‌ಬಾಲಿನ ದೊಡ್ಡ ಮನೆ. ಸೈಯದ್ ಅಬ್ದುಲ್ ರಹೀಮ್ ಎಂಬ ಗುರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ರಹೀಮ್ ಸಾಹೇಬರ ಮಾರ್ಗದರ್ಶನದಲ್ಲೇ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಭಾಷಾವಾರು ಪ್ರಾಂತ ರಚನೆಯಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರಿನ ಫುಟ್‌ಬಾಲೂ ಕಡಿಮೆಯದಲ್ಲ. 1946ರಲ್ಲಿ ಬಂಗಾಳವನ್ನು ಮಣಿಸಿ ಮೈಸೂರು, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. 1952-53ರಲ್ಲಿ ಮತ್ತೆ ಗೆದ್ದಿತು. 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಗೆದ್ದಿತು. ಹೀಗೆ ತವರಲ್ಲೂ ಫುಟ್‌ಬಾಲ್, ಸೇರಿದ ಮನೆಯಲ್ಲೂ ಫುಟ್‌ಬಾಲ್ ಇದ್ದ ಜಿಲ್ಲೆ ನಮ್ಮದು. ಆ ಚೆಂಡು ಮಾತ್ರ ರಾಜಧಾನಿಗಳಲ್ಲೇ ಉರುಳಿತು, ಮಾಂಜ್ರಾ ನದಿಯ ದಂಡೆಗೆ ಬರಲಿಲ್ಲ.

ಬೆಂಗಳೂರಿನಲ್ಲಿ ಅದು ಉರುಳಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಪಡೆಗಳು ಬೀಡುಬಿಟ್ಟಿದ್ದ ಕಂಟೋನ್ಮೆಂಟ್‌ನ ಸುತ್ತಲಿನ ಬಡಾವಣೆಗಳಲ್ಲಿ ಸೈನಿಕರ ಆಟವನ್ನು ನೋಡಿ ಕಲಿತ ಹುಡುಗರು ಬರಿಗಾಲಲ್ಲಿ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಪಂದ್ಯವನ್ನು ಫ್ರಾನ್ಸ್ ವಿರುದ್ಧ ಆಡಿದಾಗ ಭಾರತಕ್ಕೆ ಗೋಲು ತಂದವರು ಮೈಸೂರು ರಾಜ್ಯದಿಂದ ಬಂದ ಸಾರಂಗಪಾಣಿ ರಾಮನ್. ಬರಿಗಾಲಲ್ಲೇ ಎದುರಾಳಿಗಳನ್ನು ಮೋಡಿ ಮಾಡುತ್ತಿದ್ದ ಬೆಂಗಳೂರಿನ ಅಹ್ಮದ್ ಖಾನ್ ಅದೇ ತಂಡದಲ್ಲಿದ್ದರು. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಭಾರತ 1-10ರಿಂದ ಸೋತಾಗ ಆ ಒಂದು ಗೋಲು ಹೊಡೆದವರೂ ಅಹ್ಮದ್ ಖಾನರೇ. 1962ರ ಜಕಾರ್ತಾದ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಆಡಿದರು. ಹಲಸೂರು ಬಳಿಯ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ಈ ಬಡಾವಣೆಗಳ ಸಾಲಿಗೇ ಸೇರಿದ್ದು ಆಸ್ಟಿನ್ ಟೌನ್.

ಕಾರ್ಲ್ಟನ್ ಚಾಪ್‌ಮನ್ 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಆಸ್ಟಿನ್ ಟೌನಿನ ಮೈದಾನದಲ್ಲಿ ಕಲಿತ ಆಟ, ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದ ಬೆಂಗಳೂರು ಕೇಂದ್ರದ ತರಬೇತಿ, ಸದರ್ನ್ ಬ್ಲೂಸ್ ಕ್ಲಬ್ಬಿನಲ್ಲಿ ಒಂದಿಷ್ಟು ಕಾಲ. 1990ರಲ್ಲಿ ಅವರು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. ಈ ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ಅದಕ್ಕೂ ಮುಂಚೆ ಭಾರತದಲ್ಲಿ ಫುಟ್‌ಬಾಲ್ ಆಟಗಾರನಾಗುವುದೆಂದರೆ ಅದೃಷ್ಟದ ಮಾತು. ಓಣಿಯಲ್ಲಿ ಯಾರಾದರೂ ಹಿರಿಯರ ಕಣ್ಣಿಗೆ ಬೀಳಬೇಕು, ಬ್ಯಾಂಕಿನಲ್ಲೋ ಪೊಲೀಸಿನಲ್ಲೋ ರೈಲ್ವೆಯಲ್ಲೋ ನೌಕರಿ ಸಿಗಬೇಕು, ಕೋಲ್ಕತ್ತಾದ ಕ್ಲಬ್ಬಿನವರು ಬಂದು ಕರೆಯಬೇಕು. ಜಮ್‌ಶೆಡ್‌ಪುರದಲ್ಲಿ ಹುಡುಗರನ್ನು ಒಂದೆಡೆ ಇಟ್ಟು, ಊಟ ಕೊಟ್ಟು, ವ್ಯಾಯಾಮದಿಂದ ತಂತ್ರದವರೆಗೆ ಎಲ್ಲವನ್ನೂ ಒಂದು ಕ್ರಮದಲ್ಲಿ ಕಲಿಸುವ ಏರ್ಪಾಡು ಬಂತು. ಚಾಪ್‌ಮನ್ ಪೀಳಿಗೆಯ ಬಲ ಅದು. ಓಣಿಯ ಚುರುಕು ಮೊದಲೇ ಕಾಲಲ್ಲಿತ್ತು. ಶಿಸ್ತು ಅಲ್ಲಿ ಸಿಕ್ಕಿತು.

1993ರಲ್ಲಿ ಅವರು ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಸೇರಿದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ಎದುರಾಯಿತು. ಇರಾಕ್ 1986ರಲ್ಲಿ ವಿಶ್ವಕಪ್ ಆಡಿದ ದೇಶ; ಅಲ್ ಜವ್ರಾ ಬಾಗ್ದಾದಿನ ಹೆಸರಾಂತ ಕ್ಲಬ್. ಭಾರತದ ಕ್ಲಬ್ಬೊಂದು ಅವರನ್ನು ಹೇಗೋ ತಡೆದು ನಿಲ್ಲಿಸಿದರೂ ಸಾಕು ಎನ್ನುವ ಮಟ್ಟದ ತಂಡ ಅದು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆರರಲ್ಲಿ ಮೂರು ಚಾಪ್‌ಮನ್ ಹೊಡೆದ ಗೋಲು. ಅವರು ಫಾರ್ವರ್ಡ್ ಅಲ್ಲ, ಮಿಡ್‌ಫೀಲ್ಡರ್. ಗೋಲು ಹೊಡೆಯುವುದು ಅವರ ಮೊದಲ ಕೆಲಸವಲ್ಲ. ನಡುಮೈದಾನದಿಂದ ಬಂದ ಇಪ್ಪತ್ತೆರಡರ ಹುಡುಗ ಏಷ್ಯಾದ ದೊಡ್ಡ ಕ್ಲಬ್ಬಿನ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದು ಈಸ್ಟ್ ಬೆಂಗಾಲ್ ಅಭಿಮಾನಿಗಳ ಮನೆಮಾತಾಯಿತು. ಮುಂದೆ ಅವರು ಏನೆಲ್ಲ ಮಾಡಿದರೂ ಮೊದಲು ನೆನಪಾಗುವುದು ಆ ಪಂದ್ಯವೇ.

ಎರಡು ವರ್ಷದ ಬಳಿಕ, 1995ರಲ್ಲಿ, ಪಂಜಾಬಿನ ಫಗ್ವಾಡಾ. ಜೆಸಿಟಿ ಎಂಬ ಜವಳಿ ಗಿರಣಿಯ ತಂಡ. ಅಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್ ಜೊತೆಯಾದರು. ದೇಶದ ಮೂರು ರಾಜ್ಯಗಳಿಂದ ಬಂದ ಮೂವರು ಪಂಜಾಬಿನ ಗಿರಣಿ ಊರಲ್ಲಿ ಒಂದಾಗಿ ಆಡಿದ ಆ ಎರಡು ವರ್ಷ ಭಾರತೀಯ ಫುಟ್‌ಬಾಲಿನ ಅತಿ ಚೆಂದದ ಅವಧಿಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಜೆಸಿಟಿ ಅಂಗಿಯಲ್ಲಿ ಚಾಪ್‌ಮನ್ ಹದಿನಾಲ್ಕು ಟ್ರೋಫಿ ಗೆದ್ದರು. ಅದರಲ್ಲಿ ಒಂದು 1996-97ರ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್.

ಆ ಲೀಗ್‌ನ ಮಹತ್ವ ಈಗಿನವರಿಗೆ ತಿಳಿಯುವುದು ಕಷ್ಟ. ಅದಕ್ಕೂ ಮೊದಲು ಭಾರತದ ಫುಟ್‌ಬಾಲ್ ಎಂದರೆ ಚದುರಿದ ಆಟ. ಕೋಲ್ಕತ್ತಾದಲ್ಲೊಂದು ಲೀಗ್, ಗೋವಾದಲ್ಲೊಂದು, ಬೆಂಗಳೂರಿನಲ್ಲೊಂದು; ನಡುವೆ ಡ್ಯುರಾಂಡ್, ರೋವರ್ಸ್, ಫೆಡರೇಷನ್ ಕಪ್‌ನಂಥ ಕೆಲವೇ ದಿನಗಳ ಟೂರ್ನಿಗಳು. ಊರೂರು ಸುತ್ತಿ, ತಿಂಗಳುಗಟ್ಟಲೆ ಆಡಿ, ಅಂಕ ಕೂಡಿಸಿ ದೇಶದ ಚಾಂಪಿಯನ್ ಯಾರು ಎಂದು ಹೇಳುವ ಪದ್ಧತಿ ಇರಲಿಲ್ಲ. 1996ರ ಡಿಸೆಂಬರಿನಲ್ಲಿ ಹನ್ನೆರಡು ಕ್ಲಬ್ಬುಗಳೊಂದಿಗೆ ಅದು ಶುರುವಾಯಿತು. ಮೊದಲ ಚಾಂಪಿಯನ್ ಜೆಸಿಟಿ. ಹದಿನಾಲ್ಕು ಗೋಲು ಹೊಡೆದ ಭುಟಿಯಾ ಆ ಲೀಗ್‌ನ ಅತಿ ಹೆಚ್ಚು ಗೋಲಿನ ಆಟಗಾರ. ಆ ಗೋಲುಗಳ ಹಿಂದೆ ಹೋದರೆ ನಡುಮೈದಾನದಲ್ಲಿ ಚೆಂಡನ್ನು ಗೆದ್ದು, ತಲೆಯೆತ್ತಿ ನೋಡಿ, ಮುಂದೆ ಕಳಿಸಿದ ಚಾಪ್‌ಮನ್ ಸಿಗುತ್ತಾರೆ. ನೋಡುವವರ ಕಣ್ಣು ಗೋಲಿನ ಮೇಲಿರುತ್ತದೆ. ತಂಡ ಕಟ್ಟುವವರ ಕಣ್ಣು ಆ ಪಾಸ್ ಎಲ್ಲಿಂದ ಬಂತು ಎಂಬುದರ ಮೇಲಿರುತ್ತದೆ.

ನಾಯಕತ್ವ ಅವರಿಗೆ ಬಂದದ್ದೂ ಈ ಗುಣಕ್ಕೇ. ಮಿಡ್‌ಫೀಲ್ಡರ್ ನಾಯಕನಾದರೆ ಅವನಿಗೆ ತಂಡದ ಎರಡೂ ತುದಿ ಕಾಣುತ್ತದೆ. ಹಿಂದೆ ಡಿಫೆಂಡರ್‌ಗಳು ದಣಿದಿದ್ದಾರೆಯೇ, ಮುಂದೆ ಫಾರ್ವರ್ಡ್‌ಗಳಿಗೆ ಚೆಂಡು ಸಿಗುತ್ತಿಲ್ಲವೇ, ಆಟದ ವೇಗ ಇಳಿಸಬೇಕೇ ಏರಿಸಬೇಕೇ ಎಂಬುದನ್ನು ಓಡುತ್ತಲೇ ನಿರ್ಧರಿಸುವವನು ಅವನು. ತೊಂಬತ್ತು ನಿಮಿಷ ಎಲ್ಲರಿಗಿಂತ ಹೆಚ್ಚು ಓಡುವವನೂ ಅವನೇ. ಕಠ್ಮಂಡುವಿನಲ್ಲಿ ಆ ತಂಡದ ಮುಂಚೂಣಿಯಲ್ಲಿ ವಿಜಯನ್ ಇದ್ದರು. ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಅವರದೇ. ಭಾರತ 1993ರಲ್ಲಿ ಲಾಹೋರಿನಲ್ಲಿ ಈ ಪ್ರಶಸ್ತಿ ಗೆದ್ದು, 1995ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾಗೆ ಕಳೆದುಕೊಂಡಿತ್ತು. ಅಲ್ಲೂ ಫೈನಲ್‌ನಲ್ಲಿ ಭಾರತಕ್ಕೆ ಎದುರಾಗಿದ್ದದ್ದು ಒಂದು ದ್ವೀಪದೇಶವೇ. ಚಾಪ್‌ಮನ್ ತಂಡ ಆ ಕಪ್ಪನ್ನು ಮರಳಿ ತಂದಿತು.

ಇನ್ನು ಸೋತವರ ಕಥೆ. ಕಠ್ಮಂಡುವಿನಲ್ಲಿ ಐದು ಗೋಲು ತಿಂದ ಮಾಲ್ಡೀವ್ಸ್ ಏಳು ವರ್ಷದ ಬಳಿಕ, 2004ರ ಮಾರ್ಚ್ 31ರಂದು, ತನ್ನ ರಾಜಧಾನಿ ಮಾಲೆಯಲ್ಲಿ ದಕ್ಷಿಣ ಕೊರಿಯಾವನ್ನು ಎದುರಿಸಿತು. ಎರಡು ವರ್ಷ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್ ಆಡಿದ್ದ ಕೊರಿಯಾ. ಮಾಲೆ ಎಂದರೆ ಒಂದು ಬೆಳಗ್ಗೆಯಲ್ಲಿ ಕಾಲ್ನಡಿಗೆಯಲ್ಲೇ ಸುತ್ತಿ ಬರಬಹುದಾದ ದ್ವೀಪ. ಮನೆಗಳ ನಡುವೆ ಜಾಗ ಮಾಡಿಕೊಂಡು ಕೂತ ಕ್ರೀಡಾಂಗಣ. ವಿಶ್ವಕಪ್ ಅರ್ಹತಾ ಪಂದ್ಯ 0-0 ಆಯಿತು. ಕೊರಿಯಾದ ಪೋರ್ಚುಗೀಸ್ ಕೋಚ್ ಹಂಬರ್ಟೊ ಕೊಯೆಲ್ಹೊ ಆ ಪಂದ್ಯದ ಬಳಿಕ ಹುದ್ದೆ ಬಿಟ್ಟರು. ಹದಿನೇಳು ಗೋಲು ತಿಂದವರು ಏಷ್ಯಾದ ಬಲಿಷ್ಠರಿಗೆ ಒಂದು ಗೋಲನ್ನೂ ಬಿಡಲಿಲ್ಲ.

2008ರ ಜೂನ್ 14ರಂದು ಕೊಲಂಬೊದಲ್ಲಿ ಸ್ಯಾಫ್ ಫೈನಲ್. ಮತ್ತೆ ಭಾರತ, ಮತ್ತೆ ಮಾಲ್ಡೀವ್ಸ್. ಈ ಸಲ ಭಾರತದಲ್ಲಿ ಭುಟಿಯಾ ಜೊತೆ ಯುವ ಸುನಿಲ್ ಛೇತ್ರಿ. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಮುಖ್ತಾರ್ ನಸೀರ್ ಹೊಡೆದ ಒಂದು ಗೋಲು ಮಾಲ್ಡೀವ್ಸ್‌ಗೆ ಮೊದಲ ಸ್ಯಾಫ್ ಪ್ರಶಸ್ತಿ ತಂದಿತು. 2018ರಲ್ಲಿ ಢಾಕಾದ ಫೈನಲ್‌ನಲ್ಲಿ ಅವರು ಭಾರತವನ್ನು 2-1ರಿಂದ ಸೋಲಿಸಿ ಎರಡನೇ ಸಲ ಗೆದ್ದರು. ಈ ಏರಿಕೆಯ ನಡುವೆ ನಿಂತವನು ಅಲಿ ಅಶ್ಫಾಕ್. 1985ರಲ್ಲಿ ಹುಟ್ಟಿದ, 2003ರಿಂದ ದೇಶಕ್ಕಾಗಿ ಆಡಿದ ಈ ಫಾರ್ವರ್ಡ್ ತನ್ನ ದೇಶದ ತಂಡದ ನಾಯಕನಾದ. 2013ರ ಸ್ಯಾಫ್ ಟೂರ್ನಿಯೊಂದರಲ್ಲೇ ಹತ್ತು ಗೋಲು ಹೊಡೆದ; ಅದರಲ್ಲಿ ಆರು ಶ್ರೀಲಂಕಾ ವಿರುದ್ಧದ ಒಂದೇ ಪಂದ್ಯದಲ್ಲಿ. ನಮ್ಮಲ್ಲಿ ಕ್ರಿಕೆಟಿಗನಿಗೆ ಸಿಗುವ ಮನ್ನಣೆ ಅವನಿಗೆ ಅವನ ದ್ವೀಪಗಳಲ್ಲಿ ಸಿಕ್ಕಿತು.

ಪುಟ್ಟ ದೇಶದ ನಾಯಕನ ಹೊರೆ ದೊಡ್ಡ ದೇಶದ ನಾಯಕನಿಗಿಂತ ಬೇರೆ. ಚಾಪ್‌ಮನ್‌ಗೆ ಗಾಯವಾದರೆ ಬೇರೊಬ್ಬ ಮಿಡ್‌ಫೀಲ್ಡರ್ ಕೋಲ್ಕತ್ತಾದಿಂದಲೋ ಗೋವಾದಿಂದಲೋ ಬರುತ್ತಿದ್ದ. ಅಶ್ಫಾಕ್‌ಗೆ ಗಾಯವಾದರೆ ಎರಡನೇ ಅಶ್ಫಾಕ್ ಇಲ್ಲ. ಊರೇ ಅಷ್ಟು, ಹುಡುಗರೇ ಅಷ್ಟು. ಅದಕ್ಕೇ ಅಂಥ ದೇಶದಲ್ಲಿ ಪ್ರತಿ ಹುಡುಗನ ಮೇಲೂ ಕಣ್ಣಿರಬೇಕಾಗುತ್ತದೆ, ಆಡಬಲ್ಲವನು ಯಾರೂ ಕೈತಪ್ಪಬಾರದು. ಮಾಲ್ಡೀವ್ಸ್ ಮೇಲೆ ಬಂದದ್ದು ಹೀಗೆ ಎಂದು ನನಗನ್ನಿಸುತ್ತದೆ. ಭಾರತ ತನ್ನ ಜನಸಂಖ್ಯೆಯ ಧೈರ್ಯದಲ್ಲಿ ಹುಡುಗರನ್ನು ಕಳೆದುಕೊಳ್ಳುತ್ತ ಬಂತು. ಜಿಲ್ಲೆಗಳನ್ನೂ ಕಳೆದುಕೊಂಡಿತು. ನಮ್ಮದು ಅಂಥ ಜಿಲ್ಲೆ.

ಚಾಪ್‌ಮನ್ ಮುಂದೇನಾದರು? 1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಎಂಬ ಹೊಸ ವೃತ್ತಿಪರ ಕ್ಲಬ್ ಹುಟ್ಟಿತು. ಅವರು ಅಲ್ಲಿಗೆ ಹೋದರು. ಒಂದೇ ಹಂಗಾಮು. 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಆ ಗೆಲುವಿನ ಬೆನ್ನಿಗೇ, ಮೂವತ್ತರ ವಯಸ್ಸಿನಲ್ಲಿ, ಅವರು ಬೂಟು ಕಳಚಿದರು. ಎರಡು ಬೇರೆ ಬೇರೆ ಕ್ಲಬ್ಬುಗಳೊಂದಿಗೆ ದೇಶದ ಚಾಂಪಿಯನ್ ಆದ, ಅದರಲ್ಲೊಂದಕ್ಕೆ ನಾಯಕನಾಗಿದ್ದ, ರಾಷ್ಟ್ರೀಯ ತಂಡವನ್ನು ಮುನ್ನಡೆಸಿ ಕಪ್ ತಂದ ಆಟಗಾರ. ಕನ್ನಡ ನಾಡಿನಲ್ಲಿ ಹುಟ್ಟಿದ ಫುಟ್‌ಬಾಲಿಗರಲ್ಲಿ ಇಂಥ ದಾಖಲೆಯವರು ತೀರ ಅಪರೂಪ.

ಆಮೇಲೆ ಕೋಚ್ ಆದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕಲಿಸಲು ಶುರುಮಾಡಿದರು. ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೊ, ಕೋಲ್ಕತ್ತಾದ ಭವಾನಿಪುರ, ದೆಹಲಿಯ ಸುದೇವ; ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಸ್ ಕ್ಲಬ್. ಇವು ಪತ್ರಿಕೆಯ ಮುಖಪುಟಕ್ಕೆ ಬರುವ ಹೆಸರುಗಳಲ್ಲ. ಹುಡುಗರನ್ನು ಕಟ್ಟುವ ಕೆಲಸ ನಡೆಯುವುದು ಅಲ್ಲೇ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ನಲವತ್ತೊಂಬತ್ತು. ಕೊರೊನಾ ಕಾಲ, ಮೈದಾನಗಳು ಬಾಗಿಲು ಹಾಕಿದ್ದವು. ಕೋಲ್ಕತ್ತಾ, ಕೇರಳ, ಪಂಜಾಬು ಅವರನ್ನು ನೆನೆದವು.

ಅವರ ವೃತ್ತಿಜೀವನದ ಒಂದು ವಿವರ ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಸಂತೋಷ್ ಟ್ರೋಫಿಯಲ್ಲಿ ಅವರು ಆಡಿದ್ದು ತಮಿಳುನಾಡು, ಪಂಜಾಬ್, ಬಂಗಾಳ ತಂಡಗಳಿಗೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನ ಬೆವರು ಮೂರು ರಾಜ್ಯಗಳ ಪಾಲಾಯಿತು. ಇದಕ್ಕೆ ಯಾರನ್ನೋ ದೂರಿ ಪ್ರಯೋಜನವಿಲ್ಲ. ಆಟಗಾರ ತನಗೆ ಅನ್ನ ಕೊಡುವ ಕ್ಲಬ್ ಇರುವ ಊರಿಗೆ ಹೋಗುತ್ತಾನೆ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಅಂಥ ಕ್ಲಬ್ ಇರಲಿಲ್ಲ. ಕಾರ್ಖಾನೆ ತಂಡಗಳ ಕಾಲ ಮುಗಿಯುತ್ತ ಬಂದಿತ್ತು, ಹೊಸದು ಹುಟ್ಟಿರಲಿಲ್ಲ. 1968-69ರ ಗೆಲುವಿನ ಬಳಿಕ ನಮ್ಮ ರಾಜ್ಯ ಸಂತೋಷ್ ಟ್ರೋಫಿಯನ್ನು ಮತ್ತೆ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ, ಕರ್ನಾಟಕ ಎಂಬ ಹೆಸರಿನಲ್ಲಿ ನಾವು ಮೊದಲ ಸಲ ಆ ಟ್ರೋಫಿ ಗೆದ್ದೆವು. ಚಾಪ್‌ಮನ್ ಅದನ್ನು ನೋಡಲು ಇರಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಗಾಳಿ ಬದಲಾಗಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ, ರಾಷ್ಟ್ರೀಯ ಲೀಗ್‌ನ ಜಾಗಕ್ಕೆ ಬಂದಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಅದರ ನಾಯಕ ಸುನಿಲ್ ಛೇತ್ರಿ ಬೆಂಗಳೂರನ್ನು ತಮ್ಮೂರು ಮಾಡಿಕೊಂಡರು. ಛೇತ್ರಿಯ ಕಥೆಯಲ್ಲೂ ಮಾಲ್ಡೀವ್ಸ್ ಮತ್ತೆ ಮತ್ತೆ ಬರುತ್ತದೆ. 2021ರಲ್ಲಿ ಮಾಲೆಯಲ್ಲೇ ನಡೆದ ಸ್ಯಾಫ್ ಟೂರ್ನಿಯಲ್ಲಿ ಆತಿಥೇಯರ ಎದುರು ಎರಡು ಗೋಲು ಹೊಡೆದು ಭಾರತವನ್ನು ಫೈನಲ್‌ಗೆ ಒಯ್ದರು. ಆ ಪಂದ್ಯದಲ್ಲಿ ಮಾಲ್ಡೀವ್ಸ್ ಪರ ಪೆನಾಲ್ಟಿ ಗೋಲು ಹೊಡೆದವನು ಅಶ್ಫಾಕ್. ಇಬ್ಬರು ಹಿರಿಯರೂ ಒಂದೇ ಮೈದಾನದಲ್ಲಿ ಇದ್ದರು. 2024ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ ಛೇತ್ರಿ 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮರಳಿ ಕಣಕ್ಕಿಳಿದಾಗ ಎದುರಾಳಿ ಮಾಲ್ಡೀವ್ಸೇ. ಭಾರತ 3-0 ಗೆದ್ದಿತು. ಒಂದು ಗೋಲು ನಲವತ್ತರ ಛೇತ್ರಿಯದು. ಅದಕ್ಕೂ ಮುಂಚೆ ಭಾರತ ಒಂದು ವರ್ಷಕ್ಕೂ ಮಿಕ್ಕಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ನೂರ ನಲವತ್ತು ಕೋಟಿಯ ದೇಶ ಗೋಲಿಗಾಗಿ ನಿವೃತ್ತನಾದವನನ್ನು ಕರೆದು ತರಬೇಕಾಯಿತು ಎಂದರೆ, ನಾವು ಹುಡುಗರನ್ನು ಹುಡುಕುತ್ತಿರುವ ಜಾಗ ಸಾಲದು ಎಂದೇ ಅರ್ಥ.

ಹುಡುಕದೇ ಬಿಟ್ಟ ಜಾಗಗಳಲ್ಲಿ ಅಷ್ಟೂರೂ ಒಂದು. ಬಹಮನಿ ಸುಲ್ತಾನರ ಗುಮ್ಮಟಗಳನ್ನು ನೋಡಲು ಹೊರಗಿನವರು ಬರುತ್ತಾರೆ. ಅಹ್ಮದ್ ಶಾ ವಲಿಯ ಗೋರಿಯ ಮುಂದೆ ಹಿಂದೂ ಮುಸಲ್ಮಾನರು ಕೂಡಿ ಜಾತ್ರೆ ಮಾಡುತ್ತಾರೆ. ಗುಮ್ಮಟಗಳ ಆಚೆ, ಹೊಲ ಕೊಯ್ಲಾದ ಮೇಲೆ ಉಳಿಯುವ ಬಯಲಲ್ಲಿ ಸಂಜೆ ಹುಡುಗರು ಆಡುತ್ತಾರೆ. ಕೈಯಲ್ಲಿರುವುದು ಬ್ಯಾಟು. ಕಾಲಡಿಯ ನೆಲ ಕೆಂಪು ಜಂಬಿಟ್ಟಿಗೆಯದು, ಗಟ್ಟಿ. ಬಿದ್ದರೆ ಮೊಣಕಾಲು ತರಚುತ್ತದೆ. ಮಾಲೆಯ ಹುಡುಗರಿಗೆ ಇಷ್ಟು ಜಾಗವೂ ಇರಲಿಲ್ಲ. ಫುಟ್‌ಬಾಲಿಗೆ ಬೇಕಾದದ್ದು ಒಂದು ಚೆಂಡು, ಎರಡು ಜೋಡಿ ಕಂಬ, ಇಪ್ಪತ್ತೆರಡು ಮಕ್ಕಳು, ಮತ್ತು ದಿನಾ ಸಂಜೆ ಬಂದು ನಿಲ್ಲುವ ಒಬ್ಬ ಮೇಷ್ಟ್ರು. ಮೊದಲ ಮೂರು ನಮ್ಮ ಹಳ್ಳಿಗಳಲ್ಲಿ ಕಷ್ಟವಲ್ಲ. ನಾಲ್ಕನೆಯದಕ್ಕೆ ಸರ್ಕಾರವೂ ಊರೂ ಮನಸ್ಸು ಮಾಡಬೇಕು.

ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಕೇಳಿಕೆ. ಈ ವರ್ಷ ನಿಮ್ಮ ಶಾಲೆಯಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟಿರಿ. ಹುಡುಗಿಯರದೂ ಒಂದು ಕಟ್ಟಿರಿ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಅವರನ್ನು ಕರೆದೊಯ್ಯಿರಿ, ಸೋತರೆ ಮುಂದಿನ ವರ್ಷ ಮತ್ತೆ ಕರೆದೊಯ್ಯಿರಿ. ಆಡುವ ಮಕ್ಕಳಿಗೆ ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್‌ಮನ್ ಹೆಸರು ಹೇಳಿರಿ, ಮಾಲ್ಡೀವ್ಸ್ ಹದಿನೇಳು ಗೋಲು ತಿಂದ ಕಥೆಯನ್ನೂ ಹನ್ನೊಂದು ವರ್ಷದ ಬಳಿಕ ಅದು ಭಾರತವನ್ನು ಸೋಲಿಸಿ ಕಪ್ ಎತ್ತಿದ ಕಥೆಯನ್ನೂ ಹೇಳಿರಿ.